ಐದೇ ನಿಮಿಷ, ಬನಾರಸಿ ಲೆಕ್ಕದಲ್ಲಿ

ಲಂಕೆಗೆ ಹೊರಟ ರಾಮ ಕಡಲ ದಂಡೆಯಲ್ಲಿ ದರ್ಭೆ ಹಾಸಿಕೊಂಡು ಮೂರು ದಿನ ಸಮುದ್ರರಾಜನಿಗಾಗಿ ಕಾದ. ತಾಳ್ಮೆ ಕೆಟ್ಟು ಬಿಲ್ಲಿಗೆ ಕೈಹಾಕಿದ ಮೇಲೆಯೇ ಸಂಬಂಧಪಟ್ಟ ಅಧಿಕಾರಿ ನೀರಿನಿಂದೆದ್ದು ಬಂದು ಕೈಮುಗಿದದ್ದು. ಜಲಸಾರಿಗೆ ವಿಳಂಬದ ಬಗ್ಗೆ ಈ ದೇಶದಲ್ಲಿ ದಾಖಲಾದ ಮೊದಲ ದೂರು ಅದೇ ಇರಬೇಕು. ಕೊಟ್ಟ ತಕ್ಷಣ ಪರಿಹಾರ ಸಿಕ್ಕ ಕೊನೆಯ ದೂರೂ ಅದೇ. ಬನಾರಸಿನ ಲಂಕಾದಿಂದ ಗಂಗೆಯ ದಂಡೆಗೆ ಬಂದು ಕ್ರೂಸ್ ಕಾಯುತ್ತ ನಿಂತ ನಮ್ಮಂಥವರ ಕೈಯಲ್ಲಿ ಅಂಥ ಬಿಲ್ಲಿರುವುದಿಲ್ಲ. ಮುಂಗಡ ಹಣ ಕಟ್ಟಿದ ಬಿಲ್ಲಷ್ಟೇ ಇರುತ್ತದೆ, ಅದೂ ಮೊಬೈಲಿನಲ್ಲಿ, ಬ್ಯಾಟರಿ ಮುಗಿಯುವವರೆಗೆ.

ಈ ಲಂಕಾ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರು, ಅದರ ಸ್ಥಾಪಕ ಮಾಳವೀಯರ ಪ್ರತಿಮೆಯ ಸುತ್ತ ಗಿಜಿಗುಡುವ ಪೇಟೆ. ತುಳಸೀದಾಸರ ಪರಂಪರೆಯ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗ ನಡೆಯುತ್ತಿದ್ದ ಬಯಲು ಇದು, ಅದಕ್ಕೇ ಆ ಹೆಸರು ಎಂದು ಊರವರು ಹೇಳುತ್ತಾರೆ. ಹತ್ತಿರದಲ್ಲೇ ಸಂಕಟಮೋಚನ ಹನುಮಂತನ ಗುಡಿ. ಟಿಕೆಟ್ ಇಲ್ಲದೆ, ಲೈಫ್ ಜಾಕೆಟ್ ಇಲ್ಲದೆ, ಸಾಲಿನಲ್ಲಿ ನಿಲ್ಲದೆ ಲಂಕೆ ಸೇರಿದವನು ಅವನೊಬ್ಬನೇ. ಈಗ ಮಂಗಳವಾರ, ಶನಿವಾರ ಅವನ ದರ್ಶನಕ್ಕೇ ಅಷ್ಟುದ್ದದ ಸಾಲು.

ಬೋರ್ಡಿಂಗ್ ತಡವಾಗುವುದು ಘಾಟಿನಲ್ಲಿ ಅಂದುಕೊಂಡವರು ಹೊಸಬರು. ಅದು ಲಂಕಾ ಚೌಕದಲ್ಲೇ ಶುರುವಾಗಿರುತ್ತದೆ. ಕ್ರೂಸ್ ಹೊರಡುವ ರವಿದಾಸ್ ಘಾಟಿಗೆ ಅಲ್ಲಿಂದ ನಡೆದುಹೋದರೂ ಹೆಚ್ಚು ಹೊತ್ತಿನ ದಾರಿಯಲ್ಲ. ಟೋಟೋ ಎಂಬ ಇ-ರಿಕ್ಷಾ ಹತ್ತಿದಿರೋ, ಮುಂದಿನದು ವಿಶ್ವನಾಥನ ಇಚ್ಛೆ. ಎದುರಿಗೆ ಟೋಟೋ, ಹಿಂದೆ ಟೋಟೋ, ಪಕ್ಕದಲ್ಲಿ ಸರ್ ಸುಂದರಲಾಲ್ ಆಸ್ಪತ್ರೆಯ ಕಡೆ ಹೊರಟು ಅಲ್ಲೇ ಕೂಗುತ್ತಿರುವ ಆಂಬುಲೆನ್ಸ್, ಅದರ ಮುಂದೆ ಯಾವ ಅವಸರವೂ ಇಲ್ಲದ ಒಂದು ಹೋರಿ. ರಸ್ತೆ ಅಗಲ ಮಾಡಬೇಕೆಂದು 2025ರ ಜೂನ್‌ನಲ್ಲಿ ಇಲ್ಲಿ ಬುಲ್ಡೋಜರ್ ಓಡಿತು. ರವಿದಾಸ್ ಗೇಟ್ ಬಳಿಯ ಹಳೆಯ ಪಹಲ್ವಾನ್ ಲಸ್ಸಿ ಅಂಗಡಿ ಹೋಯಿತು; ಬಿಸಿ ಕಚೋರಿಯ ಜೊತೆ ಬೈಗುಳವನ್ನೂ ಪುಕ್ಕಟೆ ಬಡಿಸಿ ಹೆಸರಾಗಿದ್ದ ಚಾಚಿಯ ಅಂಗಡಿಯೂ ಹೋಯಿತು. ಜನರ ಸಮಯ ಉಳಿಸುವ ಯೋಜನೆಯಲ್ಲಿ, ಸಮಯ ಕಳೆಯಲು ಇದ್ದ ಎರಡು ಒಳ್ಳೆಯ ಜಾಗಗಳು ಮೊದಲು ಉರುಳಿದವು. ಇಂದು ಆ ಚಾಚಿಯ ಬೈಗುಳದ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹಡಗುಕಟ್ಟೆಯಲ್ಲಿ.

ಘಾಟಿನ ಮೆಟ್ಟಿಲಿಳಿದರೆ ತೇಲುವ ಜೆಟ್ಟಿ, ಹಗ್ಗ ಕಟ್ಟಿದ ಬಾಗಿಲು, ಅದರ ಮುಂದೆ ವಾಕಿಟಾಕಿ ಹಿಡಿದ ಹುಡುಗ. ಟಿಕೆಟ್ಟಿನಲ್ಲಿ ‘ಅರ್ಧ ಗಂಟೆ ಮುಂಚೆ ಹಾಜರಿರಬೇಕು’ ಎಂಬ ಕಟ್ಟಪ್ಪಣೆ ಇರುತ್ತದೆ. ಹಡಗು ಯಾವಾಗ ಹಾಜರಿರಬೇಕು ಎಂಬುದಕ್ಕೆ ಅಂಥ ಅಪ್ಪಣೆ ಇಲ್ಲ. ಬರದಿದ್ದರೆ ಏನು ಎಂಬುದಕ್ಕೆ ಕಣ್ಣಿಗೆ ಕಾಣದ ಅಕ್ಷರದಲ್ಲಿ ಹದಿನೇಳು ಸಾಲು ಇರುತ್ತದೆ. ಅಷ್ಟರಲ್ಲೂ ‘ಹಣ ವಾಪಸ್’ ಎಂಬ ಪದಕ್ಕೆ ಜಾಗ ಸಿಕ್ಕಿರುವುದಿಲ್ಲ. ನಮ್ಮ ಪಕ್ಕದಲ್ಲಿ ಹಾವೇರಿ ಕಡೆಯ ಒಂದು ದೊಡ್ಡ ಕುಟುಂಬ ಬುತ್ತಿಯ ಗಂಟಿನ ಸಮೇತ ಮೆಟ್ಟಿಲ ಮೇಲೆ ಬೀಡುಬಿಟ್ಟಿತ್ತು.

“ಏನ್ರೀ ಸರ, ಹಡಗ ಯಾವಾಗ ಬರತೈತಂತ?” ಎಂದು ಹಿರಿಯ ಹೆಂಗಸು ಕೇಳಿದರು.

“ಐದು ನಿಮಿಷ ಅಂತಾನೆ ಅಮ್ಮಾ.”

“ಅದು ಮೊದಲಿನ ಐದು ನಿಮಿಷನೋ, ಹೊಸಾದೋ?”

ಉತ್ತರ ನನ್ನಲ್ಲಿರಲಿಲ್ಲ. ವಾಕಿಟಾಕಿಯ ಹುಡುಗನಲ್ಲೂ ಇರಲಿಲ್ಲ. ‘ಬಸ್, ಪಾಂಚ್ ಮಿನಟ್’ ಎಂಬುದನ್ನು ಅವನು ಪುರೋಹಿತರು ಸಂಕಲ್ಪ ಹೇಳಿಸುವಷ್ಟೇ ಸಲೀಸಾಗಿ ಹೇಳುತ್ತಿದ್ದ. ಅರ್ಥ ಕೇಳಬಾರದು, ಜೊತೆಗೆ ಹೇಳುತ್ತಿರಬೇಕು. ಹೊತ್ತು ಹೋದಂತೆ ಕಾರಣಗಳೂ ಬದಲಾದವು. ಮೊದಲು ಹಡಗು ತೊಳೆಯುತ್ತಿದ್ದರು, ಆಮೇಲೆ ಡೀಸೆಲ್ ತುಂಬಿಸುತ್ತಿದ್ದರು, ಕೊನೆಗೆ ‘ಊಪರ್ ಸೇ ಆರ್ಡರ್’ ಬರಬೇಕಿತ್ತು. ಕಾಶಿಯಲ್ಲಿ ‘ಮೇಲಿನಿಂದ’ ಎಂದ ಮೇಲೆ ಯಾರ ಮೇಲೆ ದೂರು ಕೊಡುವುದು? ಅಮ್ಮ ಮಾತ್ರ ಬಗ್ಗಲಿಲ್ಲ. “ತೊಳದದ್ದು ಸಾಕು, ನಾವೇನು ಅದರಾಗ ಉಣ್ಣೂದಿಲ್ಲ, ತರ್ರಿ ಅನ್ರಿ ಅವಗ” ಎಂದರು. ನಾನು ಹಿಂದಿಯಲ್ಲಿ ಹೇಳಿದೆ. ಹುಡುಗ ಬಹಳ ಗೌರವದಿಂದ ತಲೆಯಾಡಿಸಿ ಐದು ನಿಮಿಷ ಅಂದ.

ಕರ್ನಾಟಕದವರಿಗೆ ಕಾಶಿ ಈಗ ದೂರವಲ್ಲ. 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಕಾಶಿ ದರ್ಶನ ರೈಲಿಗೆ ಪ್ರಧಾನಿ ಹಸಿರು ನಿಶಾನೆ ತೋರಿದಾಗ ಪ್ರಯಾಣಕ್ಕೆ 20,000 ರೂಪಾಯಿ, ಅದರಲ್ಲಿ 5,000 ರೂಪಾಯಿ ರಾಜ್ಯ ಸರ್ಕಾರದ ಸಹಾಯಧನ. ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಬಂದವರು ಕೊನೆಯ ನಾಲ್ಕು ಅಡಿ ಹಲಗೆ ದಾಟಲಾಗದೆ ನಿಂತಿರುತ್ತಾರೆ. ಆ ನಾಲ್ಕು ಅಡಿಗೆ ಯಾವ ಸರ್ಕಾರವೂ ಸಹಾಯಧನ ಘೋಷಿಸಿಲ್ಲ.

ಈ ಮಧ್ಯೆ ದಶಾಶ್ವಮೇಧ ಘಾಟಿನಲ್ಲಿ ಆರತಿ ಶುರುವಾಗಿಬಿಡುತ್ತದೆ. ಕಾಶಿಯಲ್ಲಿ ಹೇಳಿದ ಹೊತ್ತಿಗೆ ಶುರುವಾಗುವುದು ಅದೊಂದೇ. ಅವರಿಗೆ ಆ್ಯಪ್ ಇಲ್ಲ, ವಾಕಿಟಾಕಿ ಇಲ್ಲ, ‘ಗ್ರಾಹಕರ ಅನುಭವ’ ನೋಡಿಕೊಳ್ಳುವ ವ್ಯವಸ್ಥಾಪಕರೂ ಇಲ್ಲ. ಶಂಖ ಊದಿದರೆ ಮುಗಿಯಿತು. ‘ಆರತಿ ದರ್ಶನ ಸಹಿತ’ ಎಂದು ಹಣ ಕೊಟ್ಟವರು ರವಿದಾಸ್ ಘಾಟಿನಲ್ಲಿ ನಿಂತು, ಅದೇ ಆರತಿಯನ್ನು ಪಕ್ಕದವರ ಮೊಬೈಲಿನಲ್ಲಿ ನೇರಪ್ರಸಾರವಾಗಿ ನೋಡುವುದುಂಟು. ದರ್ಶನವಂತೂ ಆಯಿತಲ್ಲ, ಇನ್ನೇನು ತಕರಾರು?

ಗಣ್ಯರು ಬಂದ ದಿನವಂತೂ ಕೇಳಬೇಡಿ. ಘಾಟು ಬಂದ್, ಗಲ್ಲಿ ಬಂದ್, ನದಿಯೂ ಬಂದ್. ಇದು ಇಂದಿನ ಪಿಡುಗೂ ಅಲ್ಲ. 1916ರ ಫೆಬ್ರವರಿಯಲ್ಲಿ ಇದೇ ವಿಶ್ವವಿದ್ಯಾಲಯದ ಶಂಕುಸ್ಥಾಪನೆಗೆ ವೈಸ್‌ರಾಯ್ ಹಾರ್ಡಿಂಜ್ ಬಂದಾಗ ಊರ ತುಂಬ ಪತ್ತೇದಾರರನ್ನು ನಿಲ್ಲಿಸಿದ್ದರು. ಯಾಕಿಷ್ಟು ಅಪನಂಬಿಕೆ ಎಂದು ಗಾಂಧೀಜಿ ಫೆಬ್ರವರಿ 6ರಂದು ವೇದಿಕೆಯ ಮೇಲೆಯೇ ಕೇಳಿದರು. ಆನಿ ಬೆಸೆಂಟ್ ಅಡ್ಡಿಪಡಿಸಿದರು, ರಾಜಮಹಾರಾಜರು ಎದ್ದು ನಡೆದರು, ಸಭೆ ಅರ್ಧಕ್ಕೇ ಮುರಿಯಿತು. ಅಂದು ಕೇಳಿದ ಪ್ರಶ್ನೆಗೆ ನೂರು ವರ್ಷ ದಾಟಿದರೂ ಉತ್ತರ ಬಂದಿಲ್ಲ. ಈಗ ಕೇಳಿದರೆ ಹೆಚ್ಚೆಂದರೆ ಐದು ನಿಮಿಷ ಎಂದಾರು.

ಇನ್ನು ದೊಡ್ಡ ಹಡಗಿನ ಕಥೆ. 2023ರ ಜನವರಿ 13ರಂದು ಇದೇ ರವಿದಾಸ್ ಘಾಟಿನಿಂದ ‘ಗಂಗಾ ವಿಲಾಸ್’ ಹೊರಟಿತು. ಪ್ರಧಾನಿ ವಿಡಿಯೊ ಮೂಲಕ ಚಾಲನೆ ಕೊಟ್ಟರು. ಉದ್ದ 62 ಮೀಟರ್, ಸೂಟ್‌ಗಳು 18, ಬಾಂಗ್ಲಾದೇಶ ಹಾದು ಅಸ್ಸಾಮಿನ ದಿಬ್ರುಗಢದವರೆಗೆ 51 ದಿನಗಳ 3,200 ಕಿಲೋಮೀಟರ್ ಯಾತ್ರೆ, ಮೊದಲ ತಂಡದಲ್ಲಿ 32 ಮಂದಿ ಸ್ವಿಟ್ಜರ್ಲೆಂಡಿನವರು. ಮೂರೇ ದಿನಕ್ಕೆ ಬಿಹಾರದ ಛಪ್ರಾ ಬಳಿ ನೀರು ಸಾಲದೆ ಹಡಗು ಸಿಕ್ಕಿಕೊಂಡಿದೆ ಎಂದು ಸುದ್ದಿಯಾಯಿತು. ಪ್ರವಾಸಿಗಳನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ದು ಚಿರಾಂದ್‌ನ ಪುರಾತನ ನೆಲೆ ತೋರಿಸಿದರು. ಒಳನಾಡು ಜಲಮಾರ್ಗ ಪ್ರಾಧಿಕಾರ ಕೂಡಲೇ ಸ್ಪಷ್ಟನೆ ಕೊಟ್ಟಿತು: ಸಿಕ್ಕಿಕೊಂಡಿಲ್ಲ, ಎಲ್ಲವೂ ವೇಳಾಪಟ್ಟಿಯಂತೆಯೇ ನಡೆದಿದೆ. ದೊಡ್ಡ ಹಡಗು ದಡಕ್ಕೆ ಬರಲಾಗದು, ನಡುನೀರಿನಲ್ಲಿ ನಿಲ್ಲುವುದೇ ಪದ್ಧತಿ ಎಂಬ ವಿವರಣೆಯೂ ಬಂತು. ನಿಂತದ್ದನ್ನು ಇಷ್ಟು ಬೇಗ ವಿವರಿಸಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ಹಡಗು ಫೆಬ್ರವರಿ 28ರಂದೇ ದಿಬ್ರುಗಢ ಮುಟ್ಟಿತು. ದಿನಕ್ಕೆ ಹತ್ತಾರು ಸಾವಿರ ತೆತ್ತವರ ಹಡಗು ಬ್ರಹ್ಮಪುತ್ರದವರೆಗೆ ಹೇಳಿದ ದಿನದೊಳಗೇ ತಲುಪುತ್ತದೆ. ಅಸ್ಸಿಯಿಂದ ರಾಜಘಾಟಿಗೆ ಒಂದು ಸುತ್ತು ಹೊಡೆಯುವುದು ಮಾತ್ರ ದೈವಾಧೀನ.

ಗಂಗೆಯ ತಪ್ಪಿಲ್ಲ. ಹಲ್ದಿಯಾದಿಂದ ಪ್ರಯಾಗದವರೆಗಿನ 1,620 ಕಿಲೋಮೀಟರನ್ನು 1986ರಲ್ಲಿ ರಾಷ್ಟ್ರೀಯ ಜಲಮಾರ್ಗ-1 ಎಂದು ಘೋಷಿಸಿದರು. ಘೋಷಣೆಗೆ ಆಳ ಬೇಕಿಲ್ಲ, ಹಡಗಿಗೆ ಬೇಕು. ಮಳೆಗಾಲದಲ್ಲಿ ನೀರು 71.26 ಮೀಟರಿನ ಅಪಾಯಮಟ್ಟದತ್ತ ಏರತೊಡಗಿದರೆ ದೋಣಿಗಳೆಲ್ಲ ಬಂದ್, ಆರತಿಯೂ ಮಾಳಿಗೆ ಹತ್ತುತ್ತದೆ. ಬೇಸಿಗೆಯಲ್ಲಿ ಎದುರು ದಡದ ಮರಳು ನಡುಹೊಳೆಗೆ ಬರುತ್ತದೆ. ಪುಷ್ಯ ಮಾಸದಲ್ಲಿ ಮಂಜು. ಉಳಿದ ದಿನಗಳಲ್ಲಿ ಗಣ್ಯರು. ಇಲ್ಲಿನ ರಾಮನಗರದ ಬಹುಮಾದರಿ ಟರ್ಮಿನಲ್ ಅನ್ನು 2018ರ ನವೆಂಬರ್ 12ರಂದು ಉದ್ಘಾಟಿಸಿದಾಗ ಕೊಲ್ಕತ್ತಾದಿಂದ ಮೊದಲು ಬಂದಿಳಿದದ್ದು ಪೆಪ್ಸಿ ಕಂಪನಿಯ ಕಂಟೇನರುಗಳು. ಅಕ್ಟೋಬರ್ 30ಕ್ಕೆ ಹೊರಟಿದ್ದವು. ಎರಡು ವಾರ ಗಂಗೆಯಲ್ಲಿ ತೇಲಿದ ಪುಣ್ಯ ನಮ್ಮೂರ ಪಂಚಪಾತ್ರೆಯ ಗಂಗಾಜಲಕ್ಕೂ ಇಲ್ಲ. ರಾಮನಗರ ಕೋಟೆಯಿಂದ ಮಾಳವೀಯ ಸೇತುವೆಯವರೆಗೆ 1989ರಲ್ಲಿ ಘೋಷಿಸಿದ್ದ ಆಮೆಗಳ ಅಭಯಾರಣ್ಯವಿತ್ತು. ಜಲಮಾರ್ಗಕ್ಕೆ ಅಡ್ಡಿ ಎಂಬ ಮಾತಿನ ನಡುವೆ 2020ರಲ್ಲಿ ಅದನ್ನು ರದ್ದುಮಾಡಿದರು. ಆಮೆಗಳು ಹೋದವು, ಅವುಗಳ ವೇಗವನ್ನು ಹಡಗುಗಳು ಇಟ್ಟುಕೊಂಡವು.

ಕನ್ನಡಿಗರಿಗೆ ಈ ಊರಿನಲ್ಲಿ ಹೆಚ್ಚು ಪರಿಚಯವಿರುವ ನೌಕರನೆಂದರೆ ಹರಿಶ್ಚಂದ್ರ. ರಾಘವಾಂಕನ ಕೃಪೆ. ಮಗನ ಹೆಣ ಹೊತ್ತು ಬಂದ ಹೆಂಡತಿಗೂ ರಿಯಾಯಿತಿ ಕೊಡದೆ ನೆಲದೆರೆ ಕೇಳಿದ ಆ ಮಸಣದ ಕಾವಲುಗಾರ ಕಠೋರನಿರಬಹುದು, ಆದರೆ ಎಷ್ಟು ಕೊಡಬೇಕು, ಯಾರಿಗೆ ಸೇರುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂಬ ಮೂರನ್ನೂ ಮುಖಕ್ಕೆ ಮುಖ ಕೊಟ್ಟು ಹೇಳಿದ. ಇವತ್ತು ಅವನನ್ನು ಯಾವುದಾದರೂ ಕ್ರೂಸ್ ಕೌಂಟರಿನಲ್ಲಿ ಕೂರಿಸಿದರೆ ಎರಡನೆಯ ದಿನವೇ ಕೆಲಸ ಹೋಗುತ್ತದೆ. ನಿಜ ಹೇಳುವವನಿಗೆ ವಾಕಿಟಾಕಿ ಕೊಡುವುದಿಲ್ಲ.

ಘಾಟಿನಲ್ಲಿ ಇನ್ನೊಬ್ಬನೂ ನಿಜ ಹೇಳುತ್ತಾನೆ: ದೋಣಿ ನಡೆಸುವ ಮಲ್ಲಾಹ. ಹುಟ್ಟು ಹಾಕುವವನೋ, ಮೋಟಾರು ಕಟ್ಟಿಕೊಂಡವನೋ, ‘ಹತ್ತು ಜನ ಆದರೆ ಹೊರಡುತ್ತೇನೆ, ಈಗ ಆರು ಆಗಿದ್ದಾರೆ’ ಅನ್ನುತ್ತಾನೆ. ಅದು ಲೆಕ್ಕ. ಇನ್ನು ನಾಲ್ಕು ಜನ ಬರುವಷ್ಟರಲ್ಲಿ ಒಂದು ಕುಲ್ಹಡ್ ಚಹಾ ಮುಗಿಸಬಹುದು. ಚೌಕಾಸಿ ಮಾಡುತ್ತಾನೆ, ದುಬಾರಿ ಹೇಳುತ್ತಾನೆ, ಅಣ್ಣನ ಮಗನ ಸೀರೆ ಅಂಗಡಿಗೆ ಕರೆಯುತ್ತಾನೆ, ಎಲ್ಲ ಸರಿ. ಆದರೆ ಅವನ ದೋಣಿ ಕಣ್ಣೆದುರಿಗೇ ಇರುತ್ತದೆ. ದೊಡ್ಡ ಕ್ರೂಸ್‌ಗಳು ಬಂದ ಮೇಲೆ ತಮ್ಮ ಹೊಟ್ಟೆಗೆ ಕಲ್ಲು ಬಿತ್ತೆಂದು ಈ ನಿಷಾದ ಸಮುದಾಯದವರು ಪ್ರತಿಭಟಿಸಿದ್ದೂ ಉಂಟು. ಅವರಿಗೆ ಸಿಕ್ಕ ಭರವಸೆಗಳು ಎಷ್ಟು ನಿಮಿಷದ್ದೋ ಗೊತ್ತಿಲ್ಲ.

ನಮ್ಮವರಿಗೇನು ಕಾಯುವುದು ಹೊಸದೇ? ಶರಾವತಿ ಹಿನ್ನೀರಿನ ದಂಡೆಯಲ್ಲಿ ಸಿಗಂದೂರು ಲಾಂಚಿಗೆ ಕಾದು ಕಾದು ಮಲೆನಾಡಿನ ಎರಡು ತಲೆಮಾರು ಹಣ್ಣಾಯಿತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಇಲ್ಲ, ಜನ ಮಾತ್ರ ಎಂಬ ನಿಯಮ ಅಲ್ಲಿನ ಮಕ್ಕಳಿಗೂ ಬಾಯಿಪಾಠವಾಗಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗುವವರೆಗೂ ಅವರು ಬೈದುಕೊಂಡೇ ಕಾದರು. ಆದರೆ ಲಾಂಚ್ ಹತ್ತುವ ಅಂಬಾರಗೋಡ್ಲಿನ ದಡದಲ್ಲಿ ನಿಂತವನಿಗೆ ಲಾಂಚ್ ಎಲ್ಲಿದೆ ಎಂಬುದು ಕಾಣುತ್ತಿತ್ತು: ಆಚೆ ದಡದಲ್ಲಿ, ಅಥವಾ ನಡುನೀರಿನಲ್ಲಿ, ಅಥವಾ ಕೆಟ್ಟು ನಿಂತಿದೆ. ಕಾಶಿಯ ಕ್ರೂಸ್ ಕಾಣುವುದು ಜಾಹೀರಾತಿನಲ್ಲಿ.

ತಡವಾದದ್ದಕ್ಕೆ ನನ್ನ ತಕರಾರಿಲ್ಲ. ಮಂಜಿನಲ್ಲಿ ಹಡಗು ಬಿಡುವುದು ಬೇಡ, ಪ್ರವಾಹದಲ್ಲಿ ಬೇಡವೇ ಬೇಡ. ಮುಳುಗುವುದಕ್ಕಿಂತ ಕಾಯುವುದು ಮೇಲು. ಆದರೆ ತಡವಾಗಿದೆ ಎಂಬ ಒಂದು ಪದ ಹೇಳಲು ಯಾವ ಡ್ರೆಜಿಂಗೂ ಬೇಕಿಲ್ಲ, ಕೋಟಿಗಳ ಟೆಂಡರೂ ಬೇಕಿಲ್ಲ. ಆದ್ದರಿಂದ ಜಲಮಾರ್ಗದ ದೊಡ್ಡವರಲ್ಲಿ, ಕ್ರೂಸ್ ನಡೆಸುವ ಎಲ್ಲ ಕಂಪನಿಗಳವರಲ್ಲಿ ಒಂದು ಮನವಿ. ರವಿದಾಸ್ ಘಾಟಿನ ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿ, ಪಕ್ಕದಲ್ಲಿ ಒಂದು ತುಂಡು ಸೀಮೆಸುಣ್ಣ ಇಡಿ. ಹಡಗು ಈಗ ಎಲ್ಲಿದೆ, ಯಾಕೆ ತಡ, ಎಷ್ಟು ಹೊತ್ತಾದರೆ ಹಣ ವಾಪಸ್, ಇಷ್ಟು ಬರೆಸಿ. ಹಿಂದಿಯಲ್ಲೇ ಬರೆಸಿ, ಹಾವೇರಿಯ ಅಮ್ಮನಿಗೆ ನಾವು ಓದಿ ಹೇಳುತ್ತೇವೆ. ಹಲಗೆಗೆ ದುಡ್ಡಿಲ್ಲವೆಂದರೆ ಲಂಕಾದ ಸಿಂಹದ್ವಾರದೊಳಗೆ ಒಂದು ದೊಡ್ಡ ವಿಶ್ವವಿದ್ಯಾಲಯವಿದೆ, ಕೇಳಿದರೆ ಹಳೆಯದೊಂದು ಕೊಟ್ಟಾರು.