ರಸ್ಕೋಲ್ನಿಕಫ್ ಯಗಟಿಗೆ ಬಂದಿದ್ದರೆ

ಕೋಟಿನೊಳಗೆ ಬಟ್ಟೆಯ ಕುಣಿಕೆ ಹೊಲಿದು, ಅದಕ್ಕೆ ಕೊಡಲಿ ನೇತುಹಾಕಿಕೊಂಡು, ಮೊದಲೇ ಎಣಿಸಿಟ್ಟ 730 ಹೆಜ್ಜೆ ನಡೆದು ಬಡ್ಡಿ ಮುದುಕಿಯ ಮನೆ ಮುಟ್ಟುತ್ತಾನೆ ದಾಸ್ತೊಯೆವ್‌ಸ್ಕಿಯ ರಸ್ಕೋಲ್ನಿಕಫ್. ಪೀಟರ್ಸ್‌ಬರ್ಗ್ ಆದ್ದರಿಂದ ಮುಟ್ಟಿದ. ನಮ್ಮ ಯಗಟಿಯಲ್ಲಾಗಿದ್ದರೆ ಮೊದಲ ಜಗಲಿಯಲ್ಲೇ “ಏನಪ್ಪಾ, ಈ ಬಿಸ್ಲಲ್ಲಿ ಕೋಟು?” ಅಂತಿದ್ದರು. ಎರಡನೇ ಜಗಲಿಯವರು, “ಕೊಡ್ಲಿ ಹೆಂಗೂ ತಂದಿದೀಯ, ನಾಕು ಸೌದೆ ಸೀಳಿಕೊಟ್ಟು ಹೋಗು.” ಮುದುಕಿ ಉಳಿಯುತ್ತಿದ್ದಳು, 1866ರ ‘ಅಪರಾಧ ಮತ್ತು ಶಿಕ್ಷೆ’ ಹುಟ್ಟುತ್ತಲೇ ಇರಲಿಲ್ಲ.

ಈ ಕಥೆಯನ್ನೇ ರಮೇಶ್ ಸೈಗಲ್ 1958ರಲ್ಲಿ ಹಿಂದಿಯಲ್ಲಿ ‘ಫಿರ್ ಸುಬಹ್ ಹೋಗೀ’ ಮಾಡಿದರು. ರಾಜ್ ಕಪೂರ್ ನಾಯಕ, ಮಾಲಾ ಸಿನ್ಹಾ ನಾಯಕಿ. ಕಾದಂಬರಿ ಓದಿದವರೇ ಸಂಗೀತ ಕೊಡಬೇಕೆಂದು ಕವಿ ಸಾಹಿರ್ ಪಟ್ಟು ಹಿಡಿದಿದ್ದರಿಂದ ಖಯ್ಯಾಮ್‌ಗೆ ಕೆಲಸ ಸಿಕ್ಕಿತಂತೆ. ಹಾಡುಗಳೇನೋ ಅಪ್ಪಟ ಚಿನ್ನ. ಆದರೆ ಕೊಲೆ? ರಷ್ಯಾದವನು ಕೂತು ಲೆಕ್ಕ ಹಾಕಿ ಕೊಂದ. ನಮ್ಮವನು ತಿಜೋರಿಗೆ ಕೈ ಹಾಕಿದಾಗ ಸಿಕ್ಕಿಬಿದ್ದು ಕೊಂದ. ಪಾಪವೆಲ್ಲ ಬಡತನದ ಖಾತೆಗೆ ಜಮೆ. ಹೀರೋ ಕೆಟ್ಟವನಾದರೆ ಟಿಕೆಟ್ ಕೊಂಡವರು ಸಹಿಸುವುದಿಲ್ಲ ಎಂಬ ಭಯವಿರಬೇಕು. ನನಗಂತೂ ಅಲ್ಲೇ ಸಪ್ಪೆಯಾಯಿತು.

ದೊಡ್ಡಮ್ಮನಿಗೆ ಆಗಲಿಲ್ಲ. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಗುಟ್ಟಿದರೆ ಒಂದು ರಾಶಿಗೆ, ಇಲ್ಲದಿದ್ದರೆ ಇನ್ನೊಂದಕ್ಕೆ ಹಾಕುತ್ತಾ, ನನ್ನ ಮೊಬೈಲಿನಲ್ಲಿ ಕಣ್ಣಿಟ್ಟಿದ್ದಳು. ಹಿಂದಿ ಬಾರದು, ಬರಬೇಕೆಂದೂ ಅವಳಿಗೆ ಅನ್ನಿಸಿಲ್ಲ. ನಾನು ಮೂಲ ಕಥೆ ಹೇಳಿದೆ. ಕದ್ದದ್ದನ್ನೆಲ್ಲ ಕಲ್ಲಿನಡಿ ಬಚ್ಚಿಟ್ಟು ಒಂದು ಕಾಸೂ ಮುಟ್ಟಲಿಲ್ಲ ಎಂದಾಗ, “ದಂಡಪಿಂಡ” ಎಂದಳು. ಜ್ವರ ಬಂದು ಮಲಗಿದ ಎಂದಾಗ, “ಬರ್ದೆ ಇರುತ್ತಾ?” ಸೋನ್ಯಾ ಎಂಬ ಹುಡುಗಿಯ ಮುಂದೆ ತಪ್ಪೊಪ್ಪಿಕೊಂಡದ್ದು, ಸೈಬೀರಿಯಾ, ಯಾವುದಕ್ಕೂ ಕೈ ನಿಲ್ಲಲಿಲ್ಲ.

ಕೊನೆಗೆ ಕೇಳಿದಳು: “ಅಲ್ಲ ಕಣೋ, ಅವ್ನೂ ಏನೋ ಅಡ ಇಟ್ಟಿದ್ದ ಅಂದ್ಯಲ್ಲ. ಅದನ್ನ ಬಿಡಿಸ್ಕೊಂಡ್ನಾ?”

ಇಟ್ಟಿದ್ದು ಅಪ್ಪನ ಬೆಳ್ಳಿ ಗಡಿಯಾರ, ತಂಗಿ ಕೊಟ್ಟ ಉಂಗುರ. ತನಿಖಾಧಿಕಾರಿ ಪೊರ್ಫಿರಿಯ ಬಳಿಗೆ ರಸ್ಕೋಲ್ನಿಕಫ್ ತಾನಾಗಿ ಹೋಗುವುದು ಇದೇ ನೆಪದಲ್ಲಿ: ಗಡಿಯಾರ ಕಳೆದುಹೋದರೆ ಅಮ್ಮ ನೊಂದುಕೊಳ್ಳುತ್ತಾಳೆ, ವಾಪಸ್ ಸಿಗುತ್ತದಾ ಅಂತ. ಪೊರ್ಫಿರಿ ಇವನಿಗಾಗಿಯೇ ಕಾಯುತ್ತಿದ್ದ.

“ಅಲ್ಲೇ ಸಿಕ್ಕಾಕ್ಕೊಂಡ ನೋಡು,” ಎಂದು ದೊಡ್ಡಮ್ಮ ಮುಂದಿನ ಕಾಯಿ ಎತ್ತಿಕೊಂಡಳು.