ಸಂಕಿರಣದ ಚೀಲ

ವಿಚಾರ ಸಂಕಿರಣದ ಆಹ್ವಾನ ಬಂದರೆ ನಾನು ಮೊದಲು ಊರು ನೋಡುತ್ತೇನೆ, ವಿಷಯ ಆಮೇಲೆ. ಕೊಚ್ಚಿ ಎಂದು ಕಂಡದ್ದೇ ತಡ, ನನ್ನೊಳಗಿನ ಸಂಶೋಧಕ ಎದ್ದು ಕೂತ. ಹಳೆಯ ಪ್ರಬಂಧವೊಂದಕ್ಕೆ ಹೊಸ ಶೀರ್ಷಿಕೆ ತೊಡಿಸಿ ಕಳಿಸಿದೆ, ಅವರೂ ಓದದೆ ಒಪ್ಪಿಕೊಂಡರು. "ಬರುವಾಗ ಒಳ್ಳೆಮೆಣಸು ತಂದೀರಿ ಮತ್ತೆ! ನಮ್ಮ ತೋಟದ್ದನ್ನು ಕೊಯ್ಯಲಿಕ್ಕೇ ಜನ ಇಲ್ಲ" ಎಂದು ಹೆಂಡತಿ ಎಚ್ಚರಿಸಿದಳು. ಪುತ್ತೂರಿನಿಂದ ಮಂಗಳೂರಿಗೆ ಬಂದು ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆ. ನಸುಕಿಗೆ ಎರ್ನಾಕುಳಂ.

ಸಭಾಂಗಣ ಇದ್ದದ್ದು ಮರೀನ್ ಡ್ರೈವ್ ಹತ್ತಿರ. ಅಲ್ಲಿ ಗಾಡಿ ಓಡಿಸುವಂತಿಲ್ಲ, ಅದು ನಡೆಯುವವರ ದಾರಿ. ಎದುರಿಗೆ ಕಾಣುವುದು ಕಡಲೂ ಅಲ್ಲ, ಹಿನ್ನೀರು. ನಮ್ಮ ಸಂಕಿರಣದ ಹೆಸರಿನಲ್ಲೂ 'ಅಂತರರಾಷ್ಟ್ರೀಯ' ಎಂದಿತ್ತು. ನೇಪಾಳದವರೊಬ್ಬರು ಆನ್‌ಲೈನಿನಲ್ಲಿ ಮುಖ ತೋರಿಸಿ ಹೋಗಿದ್ದರು. ಹೆಸರುಗಳೇ ಹೀಗೆ ಎಂದು ಸಮಾಧಾನವಾಯಿತು. ನೋಂದಣಿಯಾದವರಿಗೆಲ್ಲ ಗಿಳಿಹಸಿರು ಬಣ್ಣದ ಚೀಲ, ಬರೆಯದ ಪೆನ್ನು, ಕೊರಳಿಗೊಂದು ಬಿಲ್ಲೆ.

ಶುಕ್ರವಾರ ಊಟವಾದ ಮೇಲೆ ಎರಡನೆಯ ಗೋಷ್ಠಿ. ಫೋನ್ ಬಂದವನಂತೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಹೊರಬಿದ್ದವನು ಸೀದಾ ಬೋಟ್ ಜೆಟ್ಟಿಗೆ ನಡೆದೆ. ಕೊಚ್ಚಿಯಲ್ಲೀಗ ವಾಟರ್ ಮೆಟ್ರೋ ಇದೆ, 2023ರಲ್ಲಿ ಶುರುವಾದದ್ದು. ಬ್ಯಾಟರಿಯ ದೋಣಿ, ಸದ್ದಿಲ್ಲ, ಹೊಗೆಯಿಲ್ಲ, ಒಳಗೆ ತಂಪು. ಆದರೆ ಏಸಿಯಿಂದ ತಪ್ಪಿಸಿಕೊಂಡು ಬಂದವನು ಮತ್ತೆ ಏಸಿಯಲ್ಲೇಕೆ ಕೂರಬೇಕು? ಸರ್ಕಾರದ ಹಳೆಯ ಬೋಟನ್ನೇ ಹತ್ತಿದೆ. ಹತ್ತು ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸ್ಸು ಬರುತ್ತದೆ, ಗಾಳಿ ಪುಕ್ಕಟೆ.

ಎಡಕ್ಕೆ ವಿಲಿಂಗ್ಡನ್ ದ್ವೀಪ. ಬಂದರನ್ನು ಆಳ ಮಾಡಲು ಎತ್ತಿದ ಮಣ್ಣಿನಿಂದಲೇ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಎಬ್ಬಿಸಿದ ನೆಲ ಅದು. ನಮ್ಮಲ್ಲಿ ಕೆರೆಯ ಹೂಳೆತ್ತಿದರೆ ಬಿಲ್ಲು ಮಾತ್ರ ಏಳುತ್ತದೆ. ಹೀಗೆಂದುಕೊಂಡು ಮುಂದೆ ನೋಡುತ್ತೇನೆ, ಬೆಂಚಿನ ಮೇಲೊಂದು ಗಿಳಿಹಸಿರು ಚೀಲ. ಪಕ್ಕದಲ್ಲಿ ಇನ್ನೊಂದು. ಎಣಿಸಿದರೆ ಒಟ್ಟು ಹನ್ನೊಂದು. ಹನ್ನೊಂದನೆಯದರ ಒಡೆಯರು ಧಾರವಾಡದ ಪ್ರಾಧ್ಯಾಪಕರು, ನಾನು ತಪ್ಪಿಸಿಕೊಂಡು ಬಂದ ಗೋಷ್ಠಿಯ ಅಧ್ಯಕ್ಷರು.

"ನಿಮಗೂ ಫೋನ್ ಬಂತೇನ್ರೀ?" ಎಂದರು.

ಇಬ್ಬರೂ ಆಟೋ ಹಿಡಿದು ಮಟ್ಟಾಂಚೇರಿಗೆ ಹೋದೆವು. ಡಚ್ ಅರಮನೆಗೆ ಬೀಗ, ಶುಕ್ರವಾರ ರಜೆಯಂತೆ. ಪಕ್ಕದಲ್ಲೇ ಯಹೂದಿಗಳ ಪರದೇಶಿ ಸಿನಗಾಗ್, 1568ರದ್ದು. ಅದು ಶುಕ್ರವಾರ ಮಧ್ಯಾಹ್ನದ ಮೇಲೆ ಮುಚ್ಚಿದರೆ ಶನಿವಾರವೂ ತೆರೆಯುವುದಿಲ್ಲ, ಅವರ ಸಬ್ಬತ್ ದಿನ. "ನಾವಷ್ಟ ಗೋಷ್ಠಿ ಬಿಟ್ಟು ಬಂದೀವಿ ಅಂತ ಮಾಡಿದ್ದೆ. ಇವರೂ ಕದ ಹಾಕ್ಕೊಂಡು ಹೋಗ್ಯಾರಲ್ರೀ!" ಎಂದು ಅಧ್ಯಕ್ಷರು ನೊಂದುಕೊಂಡರು.

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚು ತೆರೆದಿತ್ತು. ವಾಸ್ಕೋ ಡ ಗಾಮಾ ಮೂರನೆಯ ಸಲ, ಈ ಬಾರಿ ವೈಸರಾಯ್ ಆಗಿ, ಬಂದು 1524ರ ಕ್ರಿಸ್‌ಮಸ್ಸಿನ ಮುನ್ನಾದಿನ ಕೊಚ್ಚಿಯಲ್ಲೇ ತೀರಿಕೊಂಡ. ಮಣ್ಣು ಮಾಡಿದ್ದು ಈ ಚರ್ಚಿನಲ್ಲಿ. ಅವಶೇಷ ಪೋರ್ಚುಗಲ್ಲಿಗೆ ಹೋದದ್ದು 1539ರಲ್ಲಿ. ಕಟಕಟೆ ಹಾಕಿದ ಖಾಲಿ ಸಮಾಧಿಯನ್ನು ದಿಟ್ಟಿಸಿ ನೋಡಿ ಅಧ್ಯಕ್ಷರು, "ಸರಕಾರಿ ಕೆಲಸದ ಮ್ಯಾಲ ಬಂದಾಂವ ವಾಪಸ್ ಹೋಗಾಕ ಹದಿನಾಲ್ಕು ವರ್ಷ ದಾಟೇತಿ. ಫೈಲು ಯಾರ ಟೇಬಲ್ ಮ್ಯಾಲ ಕುಂತಿತ್ತೋ!" ಎಂದರು.

ದಂಡೆಯಲ್ಲಿ ಚೀನೀ ಬಲೆಗಳು. ಬಿದಿರು, ಮರದ ದಿಮ್ಮಿಗಳ ದೊಡ್ಡ ಏತವೆನ್ನಿ. ಮುಂದಿನ ತುದಿಗೆ ಬಲೆ, ಹಿಂದಿನ ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳು. ಬಲೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದ್ದು, ನಾಲ್ಕೈದು ಜನ ಹಗ್ಗ ಜಗ್ಗಿದರೆ ನೀರು ಸುರಿಸುತ್ತ ಮೇಲೇಳುತ್ತದೆ. "ಬನ್ನಿ" ಎಂದು ಕೈಬೀಸಿದರು, ನಾವೂ ಹಗ್ಗ ಹಿಡಿದೆವು. ನಾನು ಜಗ್ಗಿದ್ದಕ್ಕೆ ಬಲೆ ಎದ್ದಿತೋ, ಕಲ್ಲಿನ ಭಾರಕ್ಕೆ ಎದ್ದಿತೋ ದೇವರೇ ಬಲ್ಲ. ಫೋಟೋದಲ್ಲಿ ಮಾತ್ರ ನಾನೇ ಎತ್ತುತ್ತಿದ್ದೇನೆ. ಬಂದದ್ದು ಬೆರಳುದ್ದದ ಆರು ಮೀನು, ಒಂದು ಏಡಿ, ಒಂದು ಹವಾಯಿ ಚಪ್ಪಲಿ. ಆಮೇಲೆ ಭಕ್ಷೀಸು ಕೇಳಿದರು, ನೂರು ರೂಪಾಯಿ ಹೋಯಿತು. "ಏಳು ಮಂದಿ, ಆರು ಮೀನ" ಎಂದು ಅಧ್ಯಕ್ಷರು ಲೆಕ್ಕ ಹಾಕಿದರು. "ನಮ್ಮ ಜರ್ನಲ್ಲಿಗಿಂತ ಪಾಡ ಐತಿ ಬಿಡ್ರಿ."

ಶನಿವಾರ ಬೆಳಗಿನ ಗೋಷ್ಠಿಯಲ್ಲಿ ಸಹಿ ಮಾಡಿ ಮತ್ತೆ ಮಟ್ಟಾಂಚೇರಿ. ಅರಮನೆ ತೆರೆದಿತ್ತು. ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣದ ಚಿತ್ರಗಳು. ಅಷ್ಟು ಜನರ ನಡುವೆ ಪಾಪ, ನಿದ್ದೆ ಹೇಗೆ ಬರುತ್ತಿತ್ತೋ. 1555ರ ಸುಮಾರಿಗೆ ಇದನ್ನು ಕಟ್ಟಿಸಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರು 1663ರಲ್ಲಿ ದುರಸ್ತಿ ಮಾಡಿಸಿದರು, ಹೆಸರು ಅವರದಾಯಿತು. ವಿದ್ಯಾರ್ಥಿ ಬರೆದ ಲೇಖನದಲ್ಲಿ ಅಲ್ಪವಿರಾಮ ತಿದ್ದಿದ ಗೈಡುಗಳನ್ನು ಕಂಡ ನನಗೆ ಇದು ತಿಳಿಯದ ಸಂಗತಿಯೇನಲ್ಲ.

ಸಿನಗಾಗಿನ ಗಡಿಯಾರದ ಗೋಪುರವನ್ನು ಹೊರಗಿನಿಂದ ನೋಡಿದೆ. ಒಳಗೆ ನೆಲಕ್ಕೆ ಹಾಸಿದ ಚೀನಾದ ನೀಲಿ ಬಿಲ್ಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲವಂತೆ. ಬಂದದ್ದಕ್ಕೆ ಏನಾದರೂ ಆಗಲೆಂದು ಪಕ್ಕದ ಅಂಗಡಿಯಲ್ಲಿ ಕಾಲು ಕಿಲೋ ಒಳ್ಳೆಮೆಣಸು ಕೊಂಡೆ. ಗಾಮಾನೂ ಅದಕ್ಕೇ ಅಲ್ಲವೆ ಬಂದದ್ದು?

ಭಾನುವಾರ ಹತ್ತು ಗಂಟೆಗೆ ನನ್ನ ಪ್ರಬಂಧ. ಸಭಾಂಗಣದಲ್ಲಿದ್ದವರು ಮೂವರು: ಅಧ್ಯಕ್ಷತೆಗೆ ಸಿಕ್ಕಿಬಿದ್ದವರು, ಮೈಕಿನ ಹುಡುಗ, ನನ್ನ ನಂತರ ಓದಬೇಕಾದವರು. ಎರಡನೆಯ ಪುಟದಲ್ಲಿದ್ದಾಗ ಮೊಬೈಲು ಕುಂಯ್ ಎಂದಿತು. ಧಾರವಾಡದವರು ಕಳಿಸಿದ ಫೋಟೋ. ನೀಲಿ ಬಿಲ್ಲೆಗಳ ನೆಲ, ಅದರ ಮೇಲೆ ಸಾಲಾಗಿ ಗಿಳಿಹಸಿರು ಚೀಲ ಹೊತ್ತವರ ಕಾಲುಗಳು. ಸಿನಗಾಗ್ ಭಾನುವಾರ ತೆರೆದಿರುತ್ತದೆ.

ಒಳ್ಳೆಮೆಣಸನ್ನು ಹೆಂಡತಿಗೆ ಗೊತ್ತಾಗದಂತೆ ಮನೆಯ ಡಬ್ಬಕ್ಕೆ ಬೆರೆಸಿದ್ದೇನೆ. ಟಿಎ ಬಿಲ್ಲು ಮಾತ್ರ, ದೋಣಿಗೆ ಕಾಲಂ ಇಲ್ಲವೆಂಬ ಷರಾ ಹೊತ್ತು ಎರಡು ಸಲ ವಾಪಸ್ಸು ಬಂದಿದೆ. ಈಗ ನಡೆಯುತ್ತಿರುವುದು ಎರಡನೆಯ ವರ್ಷ.