ಫೇಲಾದರೇ ಪಾಸು

ಊರಿನವರ ಲೆಕ್ಕವನ್ನೆಲ್ಲ ಬರೆದಿಡುವ ಶಾನುಭೋಗರ ಪುಸ್ತಕದಲ್ಲೇ ತಪ್ಪು ನುಸುಳಿದರೆ ಅದನ್ನು ಬರೆದಿಡುವವರು ಯಾರು? ಕೋಡಿನಲ್ಲಾಗುವ ಬದಲಾವಣೆಗಳನ್ನೆಲ್ಲ ಬರೆದಿಡುವ ಗಿಟ್‌ನ ಮಟ್ಟಿಗೆ ಉತ್ತರ ಸುಲಭ: ಶಾನುಭೋಗರೇ, ಅದೇ ಪುಸ್ತಕದಲ್ಲಿ. ಲಿನಕ್ಸ್ ಕರ್ನೆಲ್‌ನವರು ಇದೇ ಕೆಲಸಕ್ಕೆ ಅಲ್ಲಿಯತನಕ ಪುಕ್ಕಟೆಯಾಗಿ ಬಳಸುತ್ತಿದ್ದ ಬಿಟ್‌ಕೀಪರ್ 2005ರಲ್ಲಿ ಕೈತಪ್ಪಿತು. ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಕೂತು ಗಿಟ್ ಬರೆದರು, ಬರೆದ ಕೋಡನ್ನು ಕೆಲವೇ ದಿನಗಳಲ್ಲಿ ಗಿಟ್‌ನ ವಶಕ್ಕೇ ಒಪ್ಪಿಸಿದರು. ಜುಲೈ ಹೊತ್ತಿಗೆ ಉಸ್ತುವಾರಿಯನ್ನು ಜುನಿಯೊ ಹಮಾನೊ ಅವರ ಹೆಗಲಿಗೆ ದಾಟಿಸಿ ತಮ್ಮ ಕರ್ನೆಲ್ಲಿಗೆ ವಾಪಸಾದರು. ಅಂದಿನಿಂದ ಗಿಟ್‌ನ ಒಂದೊಂದು ಬಗ್ಗೂ, ಅದನ್ನು ಯಾರು ತಂದರು, ಯಾರು ಓಡಿಸಿದರು ಎಂಬುದರ ಸಮೇತ, ಗಿಟ್‌ನಲ್ಲೇ ದಾಖಲಾಗುತ್ತ ಬಂದಿದೆ.

ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಧಾರಾವಾಹಿ ನೋಡುತ್ತಾರೆ. ನಾನು ಗಿಟ್‌ನ ಟೆಸ್ಟ್‌ಗಳನ್ನು ಓದುತ್ತೇನೆ. ಎರಡರಲ್ಲೂ ಕಥೆ ಮುಂದಕ್ಕೆ ಹೋಗುವುದಿಲ್ಲ ನಿಜ, ಆದರೆ ನನ್ನದರಲ್ಲಿ ಪಾತ್ರಗಳು ಕಡಿಮೆ. ಮುಖ್ಯವಾಗಿ ಇಬ್ಬರೇ: ಕೋಡ್ ಬರೆಯುವ ಎ.ಯು. ಥಾರ್, ಅದನ್ನು ಕಮಿಟ್ ಮಾಡುವ, ಅಂದರೆ ದಾಖಲೆಗೆ ಸೇರಿಸುವ, ಸಿ.ಓ. ಮಿಟ್ಟರ್. ಹಿಂದೆರಡು ಇನಿಷಿಯಲ್ ಕಂಡಾಗ ನಮ್ಮ ಕಡೆಯವರೇ ಇರಬೇಕು ಅನ್ನಿಸುತ್ತದೆ. ಗಡಿಬಿಡಿಯಲ್ಲಿ ಒಟ್ಟಿಗೆ ಓದಿದರೆ ಗುಟ್ಟು ಬಯಲು.

ಈ ಇಬ್ಬರ ಲೋಕದಲ್ಲಿ ದಿನ ಯಾವಾಗಲೂ 2005ರ ಏಪ್ರಿಲ್ 7. ಗಡಿಯಾರ ಶುರುವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯಾಹ್ನ 3 ಗಂಟೆ 13 ನಿಮಿಷ 13 ಸೆಕೆಂಡಿಗೆ, ಅಂದರೆ ಗಿಟ್‌ನ ಮೊಟ್ಟಮೊದಲ ಕಮಿಟ್ ಬಿದ್ದ ಗಳಿಗೆಗೆ. ನಮಗಾಗ 8ರ ಬೆಳಗಿನ ಜಾವ, ಹಾಲಿನವನೂ ಎದ್ದಿರದ ಹೊತ್ತು. ಟೆಸ್ಟ್‌ನಲ್ಲಿ ‘ಟಿಕ್’ ಅಂದಾಗಲೆಲ್ಲ ಒಂದು ನಿಮಿಷ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಬರೀ ಅಭಿಮಾನವಲ್ಲ. ಕಮಿಟ್‌ನ ಗುರುತು ಹುಟ್ಟುವುದೇ ಅದರೊಳಗಿನ ಹೆಸರು, ತಾರೀಕು, ಸರಕು ಎಲ್ಲವನ್ನೂ ಅರೆದು. ಗಡಿಯಾರವನ್ನು ಅದರ ಪಾಡಿಗೆ ಬಿಟ್ಟರೆ ನಿನ್ನೆಯ ಉತ್ತರ ಇವತ್ತಿಗೆ ತಾಳೆಯಾಗುವುದಿಲ್ಲ.

ಟೆಸ್ಟ್ ಓಡುವ ಜಾಗದ ಹೆಸರು ‘ಟ್ರ್ಯಾಶ್ ಡೈರೆಕ್ಟರಿ’. ನಡುವೆ ಬೇಕೆಂದೇ ಒಂದು ಸ್ಪೇಸ್ ಬಿಟ್ಟಿದ್ದಾರೆ. ಫೈಲಿನ ಹೆಸರಲ್ಲಿ ಸ್ಪೇಸ್ ಕಂಡರೆ ತಡವರಿಸುವ ಶೆಲ್ ಸ್ಕ್ರಿಪ್ಟುಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಅಂಥ ಕೋಡು ಇಲ್ಲಿ ಹೊಸಿಲಲ್ಲೇ ಎಡವಿ ಬೀಳಲಿ ಎಂಬ ದೂರಾಲೋಚನೆ. ಇದನ್ನು ಯೋಚಿಸಿದವರಿಗೆ ನನ್ನ ದೊಡ್ಡ ನಮಸ್ಕಾರ.

ಬಗ್ ಸರಿಪಡಿಸುವುದೆಂದರೆ ಕೋಡ್ ತಿದ್ದುವುದು ಅಂತ ಹೊರಗಿನವರು ತಿಳಿದಿರುತ್ತಾರೆ. ತಿದ್ದುವುದು ಕೊನೆಯ ಕೆಲಸ, ಎಷ್ಟೋ ಸಲ ಒಂದೇ ಸಾಲಿನದು. ಅದಕ್ಕೂ ಮೊದಲು ಆ ಬಗ್ ಇದೆ ಎಂದು ತೋರಿಸುವ ಟೆಸ್ಟ್ ಬರೆಯಬೇಕು, ಅದು ಹತ್ತಿಪ್ಪತ್ತು ಸಾಲು ಹಿಗ್ಗುತ್ತದೆ. ಬರೆದದ್ದನ್ನು ಓಡಿಸಿ ಅದು ಫೇಲಾಗುವುದನ್ನು ಕಣ್ಣಾರೆ ನೋಡಬೇಕು. ತಿದ್ದುವ ಮುಂಚೆಯೇ ಪಾಸಾಗುವ ಟೆಸ್ಟ್ ಯಾವುದಕ್ಕೂ ಸಾಕ್ಷಿಯಲ್ಲ. ಹೀಗೆ ಒಂದು ರಾತ್ರಿ ಫೇಲಾಗಿದ್ದು ಕಂಡು ನಾನು ಮೇಜು ಕುಟ್ಟಿದೆ.

“ಏನಾಯ್ತೋ?” ಅಮ್ಮ ಒಳಗಿನಿಂದ ಕೂಗಿದಳು.

“ಫೇಲಾಯ್ತಮ್ಮ!”

“ಅದಕ್ಯಾಕೆ ಅಷ್ಟು ಖುಷಿ?”

“ಫೇಲಾಗ್ಬೇಕಿತ್ತು. ಆಯ್ತು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಪಿಯುಸಿಯಲ್ಲೇ ಇದನ್ನ ಹೇಳಿದ್ರೆ ಟ್ಯೂಷನ್ ದುಡ್ಡಾದ್ರೂ ಉಳೀತಿತ್ತು,” ಅಂದಳು.

ಅಮ್ಮನಿಗೆ ಹೇಳದೆ ಉಳಿಸಿಕೊಂಡ ಸಂಗತಿ ಇನ್ನೊಂದಿದೆ. ಗಿಟ್‌ನಲ್ಲಿ ‘ಟೆಸ್ಟ್ ಎಕ್ಸ್‌ಪೆಕ್ಟ್ ಫೇಲ್ಯೂರ್’ ಎಂಬ ವ್ಯವಸ್ಥೆಯೇ ಉಂಟು. ಬಗ್ ಇರುವುದು ಗೊತ್ತು, ಸದ್ಯಕ್ಕೆ ಸರಿಮಾಡಲು ಕೈಲಾಗದು ಅಂತಿಟ್ಟುಕೊಳ್ಳಿ. ಮುಚ್ಚಿಡುವ ಬದಲು ಹೀಗೊಂದು ಟೆಸ್ಟ್ ಬರೆದಿಟ್ಟರೆ ಅದು ಪ್ರತಿ ಸಲ ಶ್ರದ್ಧೆಯಿಂದ ಫೇಲಾಗುತ್ತದೆ, ಒಟ್ಟು ಫಲಿತಾಂಶ ಮಾತ್ರ ಪಾಸೇ. ಫೈಲುಗಳ ಹೆಸರು ಬದಲಾಗಿ ಜಾಗ ಬದಲಾಗಿ ಎರಡು ಬ್ರಾಂಚ್ ಮರ್ಜ್ ಆಗುವಾಗಿನ ಫಜೀತಿಗಳಲ್ಲಿ ಇಂಥವು ಹಲವು ವರ್ಷ ಠಿಕಾಣಿ ಹೂಡಿದ್ದವು. ಎಲಿಜಾ ನ್ಯೂರೆನ್ ಅವರು ಮರ್ಜ್ ಯಂತ್ರವನ್ನೇ ‘ಆರ್ಟ್’ ಎಂಬ ಹೆಸರಲ್ಲಿ ಹೊಸದಾಗಿ ಬರೆದರು, 2021ರ ಕೊನೆಗೆ ಅದೇ ಡೀಫಾಲ್ಟ್ ಆಯಿತು. ನಡುವಿನ ಕಾಲದಲ್ಲಿ ಒಂದೇ ಟೆಸ್ಟಿನ ನೆತ್ತಿಯ ಮೇಲೆ ‘ಫೇಲ್ಯೂರ್ ಸಕ್ಸೆಸ್’ ಎಂದು ಅಕ್ಕಪಕ್ಕದಲ್ಲೇ ಬರೆದಿರುತ್ತಿತ್ತು: ಹಳೆಯದಾದರೆ ಬೀಳತಕ್ಕದ್ದು, ಹೊಸದಾದರೆ ಗೆಲ್ಲತಕ್ಕದ್ದು.

ನಿಜವಾಗಿ ನಿದ್ದೆ ಕೆಡಿಸುವುದು ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಟೆಸ್ಟ್. ಗಿಟ್ ತಾನು ನೋಡಿಕೊಳ್ಳುವ ಫೈಲುಗಳನ್ನು ಪ್ರತಿ ಸಲ ತೆರೆದು ಓದುವುದಿಲ್ಲ. ಅಳತೆ ಎಷ್ಟು, ಕೊನೆಗೆ ಮುಟ್ಟಿದ್ದು ಯಾವಾಗ ಎಂದು ಇಂಡೆಕ್ಸಿನಲ್ಲಿ ಬರೆದುಕೊಂಡು ಅದರ ಮೇಲೇ ತೀರ್ಪು ಕೊಡುತ್ತದೆ. ಈಗ ಒಂದು ಫೈಲಿನಲ್ಲಿ ‘ಹೌದು’ ಎಂದು ಬರೆದು ಗಿಟ್‌ಗೆ ಸೇರಿಸಿ, ಅದೇ ಸೆಕೆಂಡಿನೊಳಗೆ ‘ಅಲ್ಲ’ ಎಂದು ತಿದ್ದಿ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಎರಡೂ 12 ಬೈಟ್. ಸೆಕೆಂಡಿನ ಲೆಕ್ಕದಲ್ಲಿ ಹೊತ್ತೂ ಅದೇ. ಹೌದು ಅಲ್ಲವಾದರೂ ಏನೂ ಬದಲಾಗಿಲ್ಲ! ಅದಕ್ಕೇ ಗಿಟ್ ತುಸು ಸಂಶಯದ ಸ್ವಭಾವ ಬೆಳೆಸಿಕೊಂಡಿದೆ. ಇಂಡೆಕ್ಸ್ ಬರೆದ ಗಳಿಗೆಯಲ್ಲೋ ಅದರ ನಂತರವೋ ಮುಟ್ಟಿದ ಫೈಲಾದರೆ ಲೆಕ್ಕ ನಂಬದೆ ತೆರೆದೇ ನೋಡುತ್ತದೆ. ಇದನ್ನು ಟೆಸ್ಟ್ ಮಾಡುವುದು ಇನ್ನೂ ಕಷ್ಟ. ಯಂತ್ರ ನಿಧಾನವಾದರೆ ಸೆಕೆಂಡು ಮಗುಚಿ ಬಗ್ ಮಾಯ. ಅದಕ್ಕೆಂದೇ ಫೈಲಿನ ಹೊತ್ತನ್ನು ಬೇಕಾದಂತೆ ಹಿಂದೆಮುಂದೆ ತಳ್ಳುವ ಸಣ್ಣ ಉಪಕರಣವೊಂದಿದೆ. ಅದಕ್ಕೂ ಬಗ್ಗದಿದ್ದರೆ ‘ಸ್ಟ್ರೆಸ್’ ಎಂಬ ಆಯ್ಕೆ: ಒಂದೇ ಟೆಸ್ಟನ್ನು ಹಲವು ಕಡೆ ಒಟ್ಟಿಗೆ, ಫೇಲಾಗುವ ತನಕ ಬಿಡದೆ ಓಡಿಸುತ್ತದೆ. ಆಗ ಲ್ಯಾಪ್‌ಟಾಪಿನ ಫ್ಯಾನು ಮಾಡುವ ಸದ್ದಿಗೆ ಧಾರಾವಾಹಿಯ ವಾಲ್ಯೂಮು ಏರುತ್ತದೆ.

ಕೆಲವೊಮ್ಮೆ ಟೆಸ್ಟ್ ಮುಗಿದ ಮೇಲೆ ವಿಚಿತ್ರ ದೂರೊಂದು ಬರುತ್ತದೆ: ಗೊತ್ತಿದ್ದ ದೋಷವೊಂದು ಕಾಣೆಯಾಗಿದೆ, ದಯವಿಟ್ಟು ಟೆಸ್ಟನ್ನು ತಿದ್ದಿ. ಅಂದರೆ ಬೇರೇನೋ ಸರಿಮಾಡಲು ಹೋದವರ ಕೈಗುಣದಿಂದ ಇದೂ ವಾಸಿಯಾಗಿದೆ. ಯಾರೆಂದು ಹುಡುಕಲು ಬೈಸೆಕ್ಟ್ ಇದೆ. ಸಾವಿರದ ಇಪ್ಪತ್ತನಾಲ್ಕು ಕಮಿಟ್ ಇದ್ದರೂ ಅರ್ಧರ್ಧ ಕತ್ತರಿಸಿ ಹತ್ತು ಹೆಜ್ಜೆಯಲ್ಲಿ ತೋರಿಸಿಬಿಡುತ್ತದೆ. ಆದರೆ ಅದು ಹುಟ್ಟಿದ್ದು ಕೆಡಿಸಿದವರನ್ನು ಹಿಡಿಯಲು. ಒಳ್ಳೆಯದು ಮಾಡಿದವರನ್ನು ಹುಡುಕುವಾಗ ಮುಂಚೆಲ್ಲ ಕೆಟ್ಟದ್ದಕ್ಕೆ ‘ಗುಡ್’, ಒಳ್ಳೆಯದಕ್ಕೆ ‘ಬ್ಯಾಡ್’ ಎಂದು ತಲೆಕೆಳಗಾಗಿ ಹೇಳಬೇಕಿತ್ತು. ಈಗ ‘ಓಲ್ಡ್’, ‘ನ್ಯೂ’ ಅನ್ನಬಹುದು, ಪಾಪಪ್ರಜ್ಞೆ ಇಲ್ಲ. ಇನ್ನು ಯಾವ ಸಾಲು ಯಾರದ್ದೆಂದು ತೋರಿಸುವ ‘ಬ್ಲೇಮ್’ ಆಜ್ಞೆಯ ಟೆಸ್ಟ್‌ಗಳಿರುವುದು ಎಂಟರಿಂದ ಶುರುವಾಗುವ ನಂಬರುಗಳಲ್ಲಿ, ಅಂದರೆ ವಿಧಿವಿಜ್ಞಾನ ವಿಭಾಗದಲ್ಲಿ! ಗಿಟ್‌ನದೇ ಕಸುಬಿನ ಸಬ್‌ವರ್ಷನ್‌ನವರು ಮರ್ಯಾದಸ್ಥರು. ಅಲ್ಲಿ ಅದೇ ಆಜ್ಞೆಗೆ ‘ಪ್ರೇಸ್’ ಅಂತಲೂ ಹೇಳಬಹುದು, ಉತ್ತರ ಒಂದೇ. ಗಿಟ್‌ನಲ್ಲಿ ಆ ಅನುಕೂಲವಿಲ್ಲದ್ದರಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಏಲಿಯಾಸ್ ಹಾಕಿ ಒಂದು ‘ಪ್ರೇಸ್’ ಮಾಡಿಕೊಂಡಿದ್ದೇನೆ. ಬೈಯಬೇಕಾದಾಗಲೂ ಅದನ್ನೇ ಬಳಸುತ್ತೇನೆ.